ಗಡ್ಡೆಯನ್ನು ಇಡಿಯಾಗಿ ತೆಗೆಯಲು ಕಲಿತದ್ದು

"ಉಷ್ಣಕ್ಕೆ ಮೂತ್ರ ಕೆಂಪಾಗಿದೆ ಅಂದ್ಕೊಂಡೆ ಡಾಕ್ಟ್ರೇ. ಎಳನೀರು ಕುಡಿದೆ, ಸರಿಹೋಯ್ತು." ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗಕ್ಕೆ ಬಂದು ನನಗೆ ಹೇಳಿದ ಮಾತಿದು. ಮೂರು ತಿಂಗಳಿಗೆ ಮತ್ತೆ ರಕ್ತ ಕಂಡಿತ್ತು. ನೋವಿರಲಿಲ್ಲ. ಬಹಳ ವರ್ಷಗಳಿಂದ ಬೀಡಿ ಸೇದುತ್ತಿದ್ದರು. ದುರ್ಬೀನು ಹಾಕಿ ನೋಡಿದರೆ ಮೂತ್ರಕೋಶದ ಪಕ್ಕದ ಗೋಡೆಯಲ್ಲಿ ಸುಮಾರು 2 ಸೆಂ.ಮೀ. ಗಡ್ಡೆ.

ಮೊದಲೆಲ್ಲ ನಾನು ಇಂಥದ್ದನ್ನು ಕರೆಂಟ್ ಹರಿಯುವ ತಂತಿ ಕುಣಿಕೆಯಿಂದ ಹೆರೆದು, ಚೂರು ಚೂರಾಗಿ ತೆಗೆಯುತ್ತಿದ್ದೆ. ಹೊರಗೆ ಗಾಯವಿಲ್ಲ, ಮೂತ್ರದ ದಾರಿಯಲ್ಲೇ ಎಲ್ಲ ಕೆಲಸ. ಆದರೆ ಕೆಲವು ಸಲ ಪೆಥಾಲಜಿ ವರದಿಯಲ್ಲಿ "ಸ್ನಾಯು ಕಾಣಲಿಲ್ಲ" ಎಂದು ಬರುತ್ತಿತ್ತು. ಚೂರುಗಳು ಸುಟ್ಟಿರುತ್ತವೆ, ಯಾವುದು ಮೇಲೆ ಯಾವುದು ತಳ ಎಂದು ತಿಳಿಯುವುದಿಲ್ಲ. ಕ್ಯಾನ್ಸರ್ ಮೂತ್ರಕೋಶದ ಗೋಡೆಯ ಸ್ನಾಯುವಿಗೆ ಇಳಿದಿದೆಯೋ ಇಲ್ಲವೋ ಗೊತ್ತಾಗದಿದ್ದರೆ ಮುಂದಿನ ಚಿಕಿತ್ಸೆ ಹೇಗೆ ನಿರ್ಧರಿಸುವುದು? ಕೆಲವೇ ವಾರಗಳಲ್ಲಿ ಮತ್ತೆ ಆಪರೇಷನ್. ಘಟ್ಟದ ಊರುಗಳಿಂದ ಬಸ್ಸು ಹತ್ತಿ ಬಂದವರಿಗೆ ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತಿತ್ತು.

ಅದಕ್ಕೇ ಇಡಿಯಾಗಿ ತೆಗೆಯುವುದನ್ನು ಕಲಿತೆ. ಗಡ್ಡೆಯ ಸುತ್ತ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿಕೊಂಡು ಗೆರೆ ಕೊಯ್ದು, ಸ್ನಾಯುವಿನ ಪದರದವರೆಗೆ ಇಳಿದು, ಅಡಿಯಿಂದ ಬಿಡಿಸಿಕೊಂಡು ಬರಬೇಕು. "ಅಡಿಕೆ ಸಸಿಯನ್ನು ಮಣ್ಣು ಸಮೇತ ಎತ್ತುತ್ತೀರಲ್ವಾ, ಹಾಗೆ" ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು.

ಪಕ್ಕದ ಗೋಡೆಯಲ್ಲಿ ಭಯ ಜಾಸ್ತಿ. ಅದರ ಹಿಂದೆಯೇ ತೊಡೆಗೆ ಹೋಗುವ ನರವಿದೆ. ಕರೆಂಟ್ ತಾಗಿದರೆ ಕಾಲು ಒದೆಯುತ್ತದೆ, ಗೋಡೆ ತೂತಾಗಬಹುದು. ಅರಿವಳಿಕೆ ವೈದ್ಯರು ಮೊದಲೇ ಆ ನರಕ್ಕೆ ಇಂಜೆಕ್ಷನ್ ಕೊಟ್ಟಿದ್ದರು. ಲೇಸರ್ ಆದರೆ ಈ ಒದೆತದ ಕಾಟ ಇರುವುದಿಲ್ಲ.

ಎಲ್ಲರಿಗೂ ಹೀಗೆ ಮಾಡಲಾಗುವುದಿಲ್ಲ. 3 ಸೆಂ.ಮೀ.ಗಿಂತ ದೊಡ್ಡದನ್ನು ಇಡಿಯಾಗಿ ಬಿಡಿಸಿದರೂ ಹೊರಗೆ ತರುವುದು ಕಷ್ಟ. ಅಲ್ಲಿ ಈಗಲೂ ಹಳೆಯ ದಾರಿಯೇ ನನಗೆ ಸರಿ. ಇಡಿಯಾಗಿ ತೆಗೆದರೆ ಗಡ್ಡೆ ಮತ್ತೆ ಬರುವುದಿಲ್ಲ ಎಂದೂ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಆಪರೇಷನ್ ಆದ 24 ಗಂಟೆಯೊಳಗೆ ಮೂತ್ರಕೋಶಕ್ಕೆ ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧಿ ಹಾಕಿದೆವು. ವರದಿ ಬಂತು: ಸ್ನಾಯು ಇದೆ, ಅದರಲ್ಲಿ ಕ್ಯಾನ್ಸರ್ ಇಲ್ಲ, ಗಡ್ಡೆ ಒಳಪದರದಲ್ಲೇ ನಿಂತಿದೆ, ಕಡಿಮೆ ದರ್ಜೆಯದು, ಅಂದರೆ ನಿಧಾನವಾಗಿ ಬೆಳೆಯುವಂಥದ್ದು. ಎರಡನೇ ಆಪರೇಷನ್ ಬೇಕಾಗಲಿಲ್ಲ.

ಮೂರು ತಿಂಗಳ ದುರ್ಬೀನು ಪರೀಕ್ಷೆಗೆ ಕರೆದಾಗ "ಕೊಯ್ಲು ಮುಗಿಸಿ ಬರ್ತೀನಿ" ಎಂದರು. ನಾನು ಬಿಡಲಿಲ್ಲ. ಮಗನಿಗೆ ತೋಟ ಒಪ್ಪಿಸಿ ಬಂದರು. ಗೋಡೆ ಸ್ವಚ್ಛವಾಗಿತ್ತು. ಇನ್ನು 9 ತಿಂಗಳಿಗೆ ಮತ್ತೆ ಬರಲು ದಿನ ಬರೆದುಕೊಟ್ಟೆ.