ಮ್ಯಾನ್‌ಹಟನ್‌ನಲ್ಲಿ ಕೆಲಸ ಸಿಕ್ಕಿತು, ಸಂಸಾರ ಎಲ್ಲಿ ಹೂಡೋದು?

ನ್ಯೂಯಾರ್ಕ್‌ಗೆ ಹೊಸದಾಗಿ ಬರುವವರು ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಅಕ್ಕಾ, ನ್ಯೂಜೆರ್ಸಿಯ ಎಡಿಸನ್‌ನಿಂದ ಆಫೀಸಿಗೆ ಎಷ್ಟು ಹೊತ್ತು?" ನಾನು ತಿರುಗಿ ಕೇಳುವುದು ಬೇರೆ. ಹಗಲು ಹೊತ್ತು ಮನೆಯಲ್ಲಿ ಯಾರಿರ್ತಾರೆ? ಅವರಿಗೆ ಕಾರು ಓಡಿಸೋಕೆ ಬರುತ್ತಾ?

ಆಫೀಸಿಗೆ ಹೋಗುವವರಿಗೆ ಬೇಕಿರುವುದು ಒಂದು ಟ್ರೇನು, ಅಷ್ಟೇ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುತ್ತಾರೆ. ಆ ಊರಿನಲ್ಲಿ ನಿಜವಾಗಿ ಬದುಕುವವರು ಉಳಿದವರು. ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವುದು) ಬಂದ ಹೆಂಡತಿಯೋ ಗಂಡನೋ, ಸ್ಕೂಲಿನ ಮಗು, ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮ. ಎಚ್-4ನವರಿಗೆ ಸಾಮಾನ್ಯವಾಗಿ ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಐ-140 ಹಂತ (ಕಂಪನಿ ಹಾಕುವ ಅರ್ಜಿಯ ಮಂಜೂರಾತಿ) ದಾಟುವವರೆಗೆ ಕೆಲಸದ ಪರ್ಮಿಟ್ ಸಿಗುವುದಿಲ್ಲ. ಲೈಸೆನ್ಸ್ ಇನ್ನೂ ಆಗಿರುವುದಿಲ್ಲ. ಸುತ್ತ ಫುಟ್‌ಪಾತೇ ಇಲ್ಲದ ಚೆಂದದ ಕಾಲೊನಿಯಲ್ಲಿ ಅವರನ್ನು ಬಿಟ್ಟು ಹೋದರೆ ಎರಡೇ ತಿಂಗಳಲ್ಲಿ ಮನೆಯಲ್ಲಿ ಜಗಳ ಶುರು. ಅದಕ್ಕೇ ಮನೆ ಹುಡುಕುವಾಗ ಅವರ ದಿನವನ್ನು ಮೊದಲು ನೋಡಿ ಅನ್ನುತ್ತೇನೆ.

ಹಾಗಂತ ಆಫೀಸಿನ ವಿಳಾಸ ಮುಖ್ಯ ಅಲ್ಲ ಅಂತಲ್ಲ. "ಮ್ಯಾನ್‌ಹಟನ್" ಅಂದರೆ ಸಾಲದು, ಯಾವ ಬೀದಿ ಅಂತ ಕೇಳಿಕೊಳ್ಳಿ. 34ನೇ ಬೀದಿಯ ಆಸುಪಾಸಾದರೆ ನ್ಯೂಜೆರ್ಸಿ ಟ್ರಾನ್ಸಿಟ್ ಟ್ರೇನು ಪೆನ್ ಸ್ಟೇಷನ್‌ಗೆ ನೇರ ತಂದು ಬಿಡುತ್ತದೆ. ವಾಲ್ ಸ್ಟ್ರೀಟ್ ಕಡೆಗಾದರೆ ನ್ಯೂಜೆರ್ಸಿಯಿಂದ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಹೋಗುವ ಪಾತ್ (PATH) ಟ್ರೇನು ಸಲೀಸು. ಎಡಿಸನ್ ಕಡೆಯಿಂದ ಬರುವವರು ನ್ಯೂವಾರ್ಕ್‌ನಲ್ಲಿ ಇಳಿದು ಪಾತ್ ಹತ್ತುತ್ತಾರೆ. ಆಫೀಸು ಪೂರ್ವದ ಗ್ರ್ಯಾಂಡ್ ಸೆಂಟ್ರಲ್ ಕಡೆಗಿದ್ದರೆ ನ್ಯೂಜೆರ್ಸಿ ಬಿಟ್ಟು ಲಾಂಗ್ ಐಲೆಂಡ್ ನೋಡಿ. 2023ರ ಜನವರಿಯಿಂದ ಅಲ್ಲಿನ ಟ್ರೇನುಗಳು ಗ್ರ್ಯಾಂಡ್ ಸೆಂಟ್ರಲ್‌ವರೆಗೂ ಬರುತ್ತಿವೆ. ಹಿಕ್ಸ್‌ವಿಲ್ ಸುತ್ತ ನಮ್ಮವರೂ ನಮ್ಮ ಅಂಗಡಿಗಳೂ ಬೇಕಾದಷ್ಟಿವೆ.

ಟೈಮ್‌ಟೇಬಲ್ ನೋಡಿ "ಮುಕ್ಕಾಲು ಗಂಟೆ" ಅಂತ ಲೆಕ್ಕ ಹಾಕಬೇಡಿ. ವಾರದ ದಿನ ಸಂಜೆ ಐದೂವರೆಗೆ ಪೆನ್ ಸ್ಟೇಷನ್‌ನಲ್ಲಿ ನಿಂತು ನೋಡಿ. ಬೋರ್ಡಿನ ಕೆಳಗೆ ನೂರಾರು ಜನ ಕತ್ತೆತ್ತಿ ನಿಂತಿರುತ್ತಾರೆ. ಯಾವ ಪ್ಲಾಟ್‌ಫಾರಂ ಅನ್ನುವುದು ಟ್ರೇನು ಹೊರಡುವ ಸ್ವಲ್ಪ ಮುಂಚೆ ಬೀಳುತ್ತದೆ. ನಂಬರ್ ಬಿದ್ದದ್ದೇ ತಡ, ಎಲ್ಲರೂ ಒಂದೇ ಕಿರಿದಾದ ಮೆಟ್ಟಿಲಿನ ಕಡೆ ನುಗ್ಗುತ್ತಾರೆ. ಈ ಟ್ರೇನುಗಳು ನ್ಯೂಜೆರ್ಸಿಗೆ ಹಾಯುವ, ಹಡ್ಸನ್ ನದಿಯ ಕೆಳಗಿನ ಸುರಂಗ 1910ರದ್ದು, ಇರುವುದು ಎರಡೇ ಹಳಿ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಉಪ್ಪುನೀರು ನುಗ್ಗಿ ಅದೂ ಹಾಳಾಗಿದೆ. ಒಳಗೆ ಒಂದು ಟ್ರೇನು ಕೆಟ್ಟು ನಿಂತರೆ ಹಿಂದಿನವೆಲ್ಲ ನಿಂತ ಹಾಗೆಯೇ. ವಾರಕ್ಕೆ ಎರಡು ಮೂರು ದಿನ ಮಾತ್ರ ಆಫೀಸಾದರೆ ಇದನ್ನೆಲ್ಲ ತಡೆದುಕೊಳ್ಳಬಹುದು. ಐದು ದಿನ ಅಂದರೆ ಹತ್ತಿರದಲ್ಲೇ ಇರಿ.

ಹತ್ತಿರ ಅಂದರೆ ನನ್ನ ಮೊದಲ ಸಲಹೆ ಜೆರ್ಸಿ ಸಿಟಿಯ ಜರ್ನಲ್ ಸ್ಕ್ವೇರ್. ಪಾತ್ ಸ್ಟೇಷನ್‌ನಿಂದ ಸ್ವಲ್ಪ ನಡೆದರೆ ನ್ಯೂವಾರ್ಕ್ ಅವೆನ್ಯೂದ ಇಂಡಿಯಾ ಸ್ಕ್ವೇರ್. ಕೊತ್ತಂಬರಿ ಸೊಪ್ಪಿನಿಂದ ಪೂಜೆ ಸಾಮಾನಿನವರೆಗೆ ಎಲ್ಲ ಅಲ್ಲೇ. ಪಾತ್ ರಾತ್ರಿಯಿಡೀ ಓಡುತ್ತದೆ. ಕಾರಿಲ್ಲದೆ ಸಂಸಾರ ನಡೆಸಬಹುದು. ಮಗುವಿಗೆ ಮೂರು ನಾಲ್ಕು ವರ್ಷವಾಗಿದ್ದರೆ ಇನ್ನೊಂದು ಲಾಭ: ಜೆರ್ಸಿ ಸಿಟಿಯಲ್ಲಿ ಸರ್ಕಾರಿ ಪ್ರೀ-ಕೆ, ಅಂದರೆ ಕಿಂಡರ್‌ಗಾರ್ಟನ್‌ಗೆ ಮುಂಚಿನ ಕ್ಲಾಸು, ಉಚಿತ. ಖಾಸಗಿ ಡೇಕೇರ್ ಫೀಸು ಕೇಳಿದ ಮೇಲೆ ಇದರ ಬೆಲೆ ಗೊತ್ತಾಗುತ್ತದೆ. ಬಾಡಿಗೆ ಮಾತ್ರ ಜಾಸ್ತಿ, ಮನೆ ಚಿಕ್ಕದು, ಮಗು ದೊಡ್ಡದಾದ ಹಾಗೆ ಬಹಳ ಜನ ಎಡಿಸನ್ ಕಡೆ ಮುಖ ಮಾಡುತ್ತಾರೆ.

ಎಡಿಸನ್ ಮತ್ತು ಪಕ್ಕದ ಐಸೆಲಿನ್ ಬಗ್ಗೆ ಹೇಳಬೇಕಿಲ್ಲ, ಇಂಡಿಯನ್ ಅಂಗಡಿಗಳ ಸಾಲಿರುವ ಓಕ್ ಟ್ರೀ ರಸ್ತೆಯನ್ನು ಎಲ್ಲರೂ ಬಲ್ಲರು. ಪುತ್ತಿಗೆ ಮಠದ ಕೃಷ್ಣ ವೃಂದಾವನ ಎಡಿಸನ್‌ನಲ್ಲೇ ಇದೆ. ನಮ್ಮ ಅಮ್ಮ ಹಾಸನದಿಂದ ಬಂದಾಗ ಶಾಲು ಹೊದ್ದು ತಾವೇ ಅಂಗಡಿ ಬೀದಿಗೆ ಹೋಗಿ ಬೆಂಡೆಕಾಯಿ ತುದಿ ಮುರಿದು ನೋಡಿ ಆರಿಸಿ ತರುತ್ತಿದ್ದರು. ಇಂಗ್ಲಿಷ್ ಬೇಕಾಗಲಿಲ್ಲ. ಆದರೆ ಇಲ್ಲಿ ಒಂದು ಮಾತು: ಎಡಿಸನ್ ಅಂದರೆ ಇಡೀ ಎಡಿಸನ್ ನಡೆಯುವ ಊರಲ್ಲ. ಓಕ್ ಟ್ರೀಗೆ ನಡೆದು ಹೋಗುವಷ್ಟು ಹತ್ತಿರದ ಅಪಾರ್ಟ್‌ಮೆಂಟ್ ಬೇರೆ, ಹೈವೇ ಪಕ್ಕದ್ದು ಬೇರೆ. ಮ್ಯಾಪಿನಲ್ಲಿ ಒಂದೇ ಮೈಲಿ ಅಂತ ಕಂಡರೂ ನಡುವೆ ಆರು ಲೇನಿನ ರಸ್ತೆ ಇದ್ದರೆ ವಯಸ್ಸಾದವರು ದಾಟುವುದಿಲ್ಲ.

ಸ್ಟೇಷನ್ ಪಾರ್ಕಿಂಗ್ ಕೂಡ ಮುಂಚೆಯೇ ವಿಚಾರಿಸಿ. ಐಸೆಲಿನ್‌ನ ಮೆಟ್ರೊಪಾರ್ಕ್ ಸ್ಟೇಷನ್‌ನಲ್ಲಿ ದೊಡ್ಡ ಪಾರ್ಕಿಂಗ್ ಕಟ್ಟಡವೇ ಇದೆ, ಎಕ್ಸ್‌ಪ್ರೆಸ್ ಟ್ರೇನುಗಳೂ ನಿಲ್ಲುತ್ತವೆ. ಬೇರೆ ಎಷ್ಟೋ ಕಡೆ ಪರ್ಮಿಟ್‌ಗೆ ವೇಯ್ಟಿಂಗ್ ಲಿಸ್ಟ್. ಪ್ರಿನ್ಸ್‌ಟನ್ ಜಂಕ್ಷನ್ ಸುತ್ತಿನ ವೆಸ್ಟ್ ವಿಂಡ್ಸರ್, ಪ್ಲೇನ್ಸ್‌ಬರೊ ಶಾಲೆಗಳಿಗೆ ಹೆಸರುವಾಸಿ, ಆದರೆ ಟ್ರೇನಿನಲ್ಲೇ ಒಂದು ಗಂಟೆಯ ಮೇಲೆ. ಬ್ರಿಡ್ಜ್‌ವಾಟರ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಇದೆ ಅಂತ ಆಸೆಪಡುತ್ತಾರೆ. ಆ ಲೈನಿನಲ್ಲಿ ಬಹುಪಾಲು ಟ್ರೇನಿಗೆ ನ್ಯೂವಾರ್ಕ್‌ನಲ್ಲಿ ಇಳಿದು ಬದಲಾಯಿಸಬೇಕು. ದೇವಸ್ಥಾನಕ್ಕೆ ಶನಿವಾರ ಕಾರಿನಲ್ಲಿ ಹೋದರಾಯಿತಲ್ವಾ?

ಮಗುವಿಗೆ ಯಾವ ಶಾಲೆ ಅನ್ನುವುದು ಮನೆ ವಿಳಾಸದ ಮೇಲೆ ನಿಲ್ಲುತ್ತದೆ. ಎಡಿಸನ್‌ನಲ್ಲೇ ಹೈಸ್ಕೂಲು ಎರಡು: ಜೆ.ಪಿ. ಸ್ಟೀವನ್ಸ್ ಮತ್ತು ಎಡಿಸನ್ ಹೈ. ನಿಮ್ಮ ಮನೆ ಯಾವುದಕ್ಕೆ ಸೇರುತ್ತದೆ ಅಂತ ಬ್ರೋಕರ್ ಬಾಯಿಂದ ಕೇಳಬೇಡಿ, ಸ್ಕೂಲ್ ಡಿಸ್ಟ್ರಿಕ್ಟ್ ಆಫೀಸಿಗೆ ಫೋನ್ ಮಾಡಿ ಮನೆ ನಂಬರ್ ಸಮೇತ ಕೇಳಿ. ರೇಟಿಂಗ್ ವೆಬ್‌ಸೈಟ್‌ನಲ್ಲಿ ಒಂಬತ್ತೋ ಹತ್ತೋ ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಮಗು ಹೇಗೆ ಹೋಗುತ್ತದೆ ಅಂತ ಯೋಚಿಸಿ. ನ್ಯೂಜೆರ್ಸಿ ನಿಯಮದಂತೆ ಎಂಟನೇ ಕ್ಲಾಸಿನವರೆಗೆ ಮನೆ ಶಾಲೆಯಿಂದ ಎರಡು ಮೈಲಿಗಿಂತ ದೂರವಿದ್ದರೆ ಮಾತ್ರ ಬಸ್ಸು ಕೊಡಲೇಬೇಕು. ಒಂದೂವರೆ ಮೈಲಿ ಇದ್ದರೆ? ಜನವರಿಯ ಹಿಮದಲ್ಲಿ, ಗಂಡ ಆಗಲೇ ಟ್ರೇನು ಹತ್ತಿರುವಾಗ, ಕಾರು ಓಡಿಸಲು ಬಾರದ ಅಮ್ಮ ಏನು ಮಾಡಬೇಕು? ಹಾಗಾಗಿ ತೀರಾ ಹತ್ತಿರ ಇಲ್ಲವೇ ಬಸ್ಸು ಬರುವಷ್ಟು ದೂರ, ಎರಡರಲ್ಲಿ ಒಂದು ಆರಿಸಿ.

ಮನೆ ನೋಡಲು ಹೋದಾಗ ಎಲ್ಲರೂ ಬಚ್ಚಲು, ಕ್ಲಾಸೆಟ್ ನೋಡುತ್ತಾರೆ. ನೀವು ಒಲೆಯ ಹತ್ತಿರ ಹೋಗಿ. ಮೇಲಿನ ಎಕ್ಸಾಸ್ಟ್ ಹಾಕಿ ಅದರ ಮುಂದಿನ ಜಾಲರಿಗೆ ಕೈ ಹಿಡಿಯಿರಿ. ಗಾಳಿ ಕೈಗೆ ಬಡಿದರೆ ಅದು ಹೊಗೆಯನ್ನು ಹೊರಗೆ ತಳ್ಳುವುದಿಲ್ಲ, ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ ಅಂತ ಅರ್ಥ. ಅಂಥ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ಕೂಡಲೇ ಸ್ಮೋಕ್ ಅಲಾರಂ ಬಡಿದುಕೊಳ್ಳುತ್ತದೆ. ಸ್ಟೂಲ್ ಮೇಲೆ ನಿಂತು ಟವೆಲ್ ಬೀಸುವುದೇ ಕೆಲಸ. ಗ್ಯಾಸ್ ಒಲೆಯಾ, ಕರೆಂಟಿನದಾ ಅದನ್ನೂ ನೋಡಿ. ವಾಷಿಂಗ್ ಮೆಷಿನ್ ಮನೆಯೊಳಗಿದೆಯಾ ಅಥವಾ ಬೇಸ್‌ಮೆಂಟಿಗೆ ಹೊತ್ತುಕೊಂಡು ಹೋಗಬೇಕಾ, ಚಳಿಗಾಲದ ಹೀಟಿಂಗ್ ಬಾಡಿಗೆಯಲ್ಲಿ ಸೇರಿದೆಯಾ ಕೇಳಿ. ಬೇಸ್‌ಮೆಂಟ್ ಮನೆ ಅಗ್ಗ ಅಂತ ಹಿಡಿಯಬೇಡಿ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ಬೇಸ್‌ಮೆಂಟುಗಳಲ್ಲಿ ಜನ ಸತ್ತರು. ಫೀಮಾದ (ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಪ್ರವಾಹ ನಕ್ಷೆಯಲ್ಲಿ ವಿಳಾಸ ಹಾಕಿ ನೋಡುವುದಕ್ಕೆ ಖರ್ಚೇನಿಲ್ಲ.

ದುಡ್ಡಿನ ಲೆಕ್ಕ ಚುಟುಕಾಗಿ. ನ್ಯೂಯಾರ್ಕ್ ಸಿಟಿಯೊಳಗೆ ಇದ್ದರೆ ಸಿಟಿ ಇನ್‌ಕಮ್ ಟ್ಯಾಕ್ಸ್ ಬೇರೆ ಬೀಳುತ್ತದೆ. ನ್ಯೂಜೆರ್ಸಿಯಲ್ಲಿದ್ದರೆ ಅದಿಲ್ಲ. ನ್ಯೂಯಾರ್ಕ್ ರಾಜ್ಯಕ್ಕೂ ನ್ಯೂಜೆರ್ಸಿಗೂ ಎರಡು ರಿಟರ್ನ್ ಹಾಕಬೇಕು, ನ್ಯೂಯಾರ್ಕ್‌ಗೆ ಕಟ್ಟಿದ್ದಕ್ಕೆ ನ್ಯೂಜೆರ್ಸಿಯಲ್ಲಿ ಕ್ರೆಡಿಟ್ ಸಿಗುತ್ತದೆ. ಮನೆ ಕೊಳ್ಳುವ ಯೋಚನೆ ಬಂದರೆ ಪ್ರಾಪರ್ಟಿ ಟ್ಯಾಕ್ಸ್ ಕೇಳಿ ಕೂತುಕೊಳ್ಳಿ: ರಾಜ್ಯದ ಸರಾಸರಿಯೇ ವರ್ಷಕ್ಕೆ 10,000 ಡಾಲರ್ ದಾಟಿದೆ. ಬಾಡಿಗೆ ಮನೆಗೆ ಅಡ್ವಾನ್ಸ್ ಸಾಮಾನ್ಯವಾಗಿ ಒಂದೂವರೆ ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ನ್ಯೂಜೆರ್ಸಿಯ ಕಾನೂನು. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು ಬಂದವರಿಗೆ ಇದೊಂದು ಸಮಾಧಾನ. ಇಂಡಿಯಾದಲ್ಲಿ ಕೂತು, ಮನೆ ನೋಡದೆ, ಫೋಟೊ ನಂಬಿ ದುಡ್ಡು ಕಳಿಸಬೇಡಿ. ಮೊದಲ ತಿಂಗಳು ಆಫೀಸಿನವರು ಕೊಡುವ ಜಾಗದಲ್ಲೋ ಗೆಳೆಯರ ಮನೆಯಲ್ಲೋ ಇದ್ದು ಹುಡುಕಿ.

ಸ್ಕೂಲಿಗೆ ಸೇರಿಸಲು ಲೀಸು, ವಿಳಾಸ ತೋರಿಸುವ ಕರೆಂಟ್ ಬಿಲ್ಲಿನಂಥ ಕಾಗದ, ಮಗುವಿನ ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು ಕೇಳುತ್ತಾರೆ. ಕಿಂಡರ್‌ಗಾರ್ಟನ್‌ಗೆ ವಯಸ್ಸಿನ ಕೊನೆಯ ದಿನಾಂಕ ಒಂದೊಂದು ಊರಿನಲ್ಲಿ ಒಂದೊಂದು ಇರಬಹುದು, ವಿಚಾರಿಸಿ. ಲಸಿಕೆ ಕಾರ್ಡು ಕನ್ನಡದಲ್ಲೋ ಡಾಕ್ಟರ ಗೀಚು ಅಕ್ಷರದಲ್ಲೋ ಇದ್ದರೆ, ಹೊರಡುವ ಮುಂಚೆ ಅಲ್ಲೇ ಇಂಗ್ಲಿಷಿನಲ್ಲಿ ತಾರೀಕು ಸಮೇತ ಬರೆಸಿ, ಸೀಲು ಹಾಕಿಸಿ, ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಂಡು ಬನ್ನಿ.