ಅಮೆರಿಕದ ಮನೆ ಆರೈಕೆ, ಬೆಳಗಾವಿಯ ಚಾರ್ಟ್: ಹಣದ ಲೆಕ್ಕ ಬದಲಾದಾಗ ನಾವು ಕೆಲಸ ಬದಲಿಸಿಕೊಂಡ ಬಗೆ

ನಮ್ಮ ಕಚೇರಿ ಇರುವುದು ಬೆಳಗಾವಿಯ ತಿಲಕವಾಡಿ ಕಡೆ. ಓದುವ ಚಾರ್ಟ್‌ಗಳು, ಅಂದರೆ ರೋಗಿಗಳ ದಾಖಲೆಗಳು, ಮಾತ್ರ ಅಮೆರಿಕದವು. ಅಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದ ವಯಸ್ಸಾದವರ ಹತ್ತಿರ ನರ್ಸು, ಫಿಜಿಯೋಥೆರಪಿಸ್ಟ್ ಹೋಗಿ ಆರೈಕೆ ಮಾಡುತ್ತಾರೆ. ಅವರನ್ನು ಕಳಿಸುವ ಸಂಸ್ಥೆಯೇ ಹೋಮ್ ಹೆಲ್ತ್ ಏಜೆನ್ಸಿ. ಖರ್ಚನ್ನು ಹೆಚ್ಚಾಗಿ ಕೊಡುವುದು ಮೆಡಿಕೇರ್, ಅಂದರೆ 65 ದಾಟಿದವರಿಗಾಗಿ ಅಲ್ಲಿನ ಕೇಂದ್ರ ಸರ್ಕಾರ ನಡೆಸುವ ಆರೋಗ್ಯ ವಿಮೆ. ನರ್ಸು ಬರೆದದ್ದನ್ನು ಓದಿ, ಕಾಯಿಲೆಗಳಿಗೆ ಐಸಿಡಿ-10 (ಪ್ರತಿ ಕಾಯಿಲೆಗೂ ಒಂದು ಸಂಕೇತ ಕೊಡುವ ಪಟ್ಟಿ) ಕೋಡ್ ಹಾಕಿ, ಒಯಾಸಿಸ್ ಎಂಬ ದೊಡ್ಡ ಮೌಲ್ಯಮಾಪನ ಫಾರ್ಮನ್ನು ತಾಳೆ ನೋಡುವುದು ನಮ್ಮ ಕೆಲಸ. ನಾನು ನರ್ಸಿಂಗ್ ಓದಿ, ವಾರ್ಡಿನಲ್ಲಿ ದುಡಿದು ಈ ಕಡೆ ಬಂದವಳು. ನಮ್ಮ ತಂಡದಲ್ಲಿ ಗೋಕಾಕ, ಬೈಲಹೊಂಗಲ, ಖಾನಾಪುರದ ಹುಡುಗ ಹುಡುಗಿಯರಿದ್ದಾರೆ.

2020ರ ಜನವರಿ 1ರಂದು ಮೆಡಿಕೇರ್ ಹಣ ಕೊಡುವ ರೀತಿಯನ್ನೇ ಬದಲಿಸಿತು. ಹೊಸ ಪದ್ಧತಿಯ ಹೆಸರು ಪಿಡಿಜಿಎಂ, ಅಂದರೆ ಪೇಷಂಟ್ ಡ್ರಿವನ್ ಗ್ರೂಪಿಂಗ್ಸ್ ಮಾಡೆಲ್. ಅಷ್ಟು ದೂರದ ಸರ್ಕಾರ ಮಾಡಿದ ಬದಲಾವಣೆಯಿಂದ ಇಲ್ಲಿ ನಮ್ಮ ದಿನದ ಕೆಲಸ ಹೇಗೆ ಬದಲಾಯಿತು, ನಾವು ಏನೇನು ಮಾಡಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ಈ ಭಾಗದಲ್ಲಿ ಮೆಡಿಕಲ್ ಕೋಡಿಂಗ್ ಕಡೆ ಬರುವ ಮಕ್ಕಳು ಜಾಸ್ತಿಯಾಗಿದ್ದಾರೆ. ಹೋಮ್ ಹೆಲ್ತ್ ಬಗ್ಗೆ ಕನ್ನಡದಲ್ಲಿ ಹೇಳುವವರು ಕಡಿಮೆ.

ಮೊದಲು ಹಳೆಯದನ್ನು ಹೇಳುತ್ತೇನೆ. 2000ದ ಅಕ್ಟೋಬರ್‌ನಿಂದ 60 ದಿನಕ್ಕೆ ಒಂದು ಮೊತ್ತ ಕೊಡುವ ಪದ್ಧತಿ ಇತ್ತು. ಅದರಲ್ಲಿ ಥೆರಪಿ ವಿಸಿಟ್‌ಗಳ ಸಂಖ್ಯೆಗೆ ದೊಡ್ಡ ತೂಕ. ವಿಸಿಟ್ ಒಂದು ಮಟ್ಟ ದಾಟಿದರೆ ಹಣವೂ ಮೇಲಿನ ಮೆಟ್ಟಿಲಿಗೆ ಹೋಗುತ್ತಿತ್ತು. ಪಿಡಿಜಿಎಂ ಬಂದ ಮೇಲೆ 60 ದಿನದ ಬದಲು 30 ದಿನಕ್ಕೊಂದು ಮೊತ್ತವಾಯಿತು. ಥೆರಪಿ ವಿಸಿಟ್ ಎಣಿಸಿ ಹಣ ಏರಿಸುವುದು ಪೂರ್ತಿ ನಿಂತಿತು. ರೋಗಿಯ ಸ್ಥಿತಿ ಹೇಗಿದೆ ಅನ್ನುವುದರ ಮೇಲೆ ಹಣ.

ನಮ್ಮ ತಂಡದಲ್ಲಿ ಅರ್ಧ ಜನ ಕಬ್ಬು ಬೆಳೆಯುವ ಮನೆಯವರು. ಅವರಿಗೆ ಕಬ್ಬಿನ ಬಿಲ್ಲಿನ ಮಾತು ಹೇಳಿಯೇ ತಿಳಿಸಿದೆ. ಕಾರ್ಖಾನೆಯಲ್ಲಿ ಟನ್ ಲೆಕ್ಕ ಒಂದು ಕಡೆ, ಆ ಕಬ್ಬಿನಲ್ಲಿ ಸಕ್ಕರೆ ಇಳುವರಿ ಎಷ್ಟು ಅನ್ನುವುದು ಇನ್ನೊಂದು ಕಡೆ. ಇಷ್ಟು ದಿನ ಟನ್ ನೋಡುತ್ತಿದ್ದರು, ಇನ್ನು ಮೇಲೆ ಇಳುವರಿ ನೋಡುತ್ತಾರೆ ಅಂದೆ. ತಕ್ಷಣ ತಿಳಿಯಿತು.

ಆಮೇಲೆ ಬೋರ್ಡಿನ ಮೇಲೆ ಲೆಕ್ಕ ಬರೆದೆ. ಪಿಡಿಜಿಎಂ ಐದು ಪ್ರಶ್ನೆ ಕೇಳುತ್ತದೆ. ರೋಗಿ ಆಸ್ಪತ್ರೆಯಿಂದ ಬಂದರೋ, ಮನೆಯಿಂದಲೇ ಸೇರಿದರೋ? ಇದು ಮೊದಲ 30 ದಿನವೋ, ನಂತರದ್ದೋ? ಮುಖ್ಯ ಕಾಯಿಲೆ 12 ಗುಂಪುಗಳಲ್ಲಿ ಯಾವುದಕ್ಕೆ ಸೇರುತ್ತದೆ? ಓಡಾಟ, ಸ್ನಾನ, ಬಟ್ಟೆ ಹಾಕಿಕೊಳ್ಳುವುದು ಇಂಥದ್ದರಲ್ಲಿ ತೊಂದರೆ ಕಡಿಮೆಯೋ, ಮಧ್ಯಮವೋ, ಹೆಚ್ಚೋ? ಜೊತೆಗಿರುವ ಬೇರೆ ಕಾಯಿಲೆಗಳಿಂದ ಹೊರೆ ಇಲ್ಲವೋ, ಕಡಿಮೆಯೋ, ಹೆಚ್ಚೋ? ಎರಡು, ಎರಡು, ಹನ್ನೆರಡು, ಮೂರು, ಮೂರು. ಗುಣಿಸಿದರೆ 432 ಗುಂಪು. ಪ್ರತಿ 30 ದಿನದ ಬಿಲ್ ಇದರಲ್ಲಿ ಒಂದು ಗುಂಪಿಗೆ ಬೀಳಲೇಬೇಕು. 2020ರಲ್ಲಿ ಇಡೀ ದೇಶಕ್ಕೆ ಗೊತ್ತು ಮಾಡಿದ ಮೂಲ ದರ 30 ದಿನಕ್ಕೆ ಸುಮಾರು 1,860 ಡಾಲರ್. ಗುಂಪಿಗೆ ತಕ್ಕಂತೆ, ಊರಿನ ಸಂಬಳದ ಮಟ್ಟಕ್ಕೆ ತಕ್ಕಂತೆ ಅದು ಏರುತ್ತದೆ, ಇಳಿಯುತ್ತದೆ.

ಈ ಐದರಲ್ಲಿ ಮೂರು ಉತ್ತರ ನಾವು ಓದುವ ಕಾಗದದಿಂದಲೇ ಬರುತ್ತವೆ. ಹಾಗಾಗಿ ಏಜೆನ್ಸಿಗಳು ಹೊಸ ಪದ್ಧತಿಗೆ ಹೊಂದಿಕೊಳ್ಳುವುದರಲ್ಲಿ ದೊಡ್ಡ ಪಾಲು ನಮ್ಮ ಮೇಜಿನ ಮೇಲೆ ಬಂತು.

ಮೊದಲು ಕೈ ಹಾಕಿದ್ದು ಮುಖ್ಯ ಕಾಯಿಲೆಗೆ. ಹಳೆಯ ದಿನಗಳಲ್ಲಿ ಎಷ್ಟೋ ಚಾರ್ಟ್‌ಗಳಲ್ಲಿ ಮೊದಲ ಸಾಲಿನಲ್ಲಿ ಎಂ62.81 ಎಂಬ ಕೋಡ್ ಇರುತ್ತಿತ್ತು. ಅದರ ಅರ್ಥ ಸ್ನಾಯುಗಳ ನಿಶ್ಶಕ್ತಿ, ಅಷ್ಟೇ. ಹೊಸ ಪದ್ಧತಿಯಲ್ಲಿ ಅದನ್ನು ಮುಖ್ಯ ಕಾಯಿಲೆ ಅಂತ ಕೊಟ್ಟರೆ ಬಿಲ್ ವಾಪಸ್. ಮೆಡಿಕೇರ್ ಕೇಳುವುದು ಸರಿಯಾಗಿಯೇ ಇದೆ ಅನ್ನಿಸುತ್ತದೆ ನನಗೆ. ನಿಶ್ಶಕ್ತಿ ಯಾಕೆ ಬಂತು? ಪಾರ್ಶ್ವವಾಯು ಆಗಿ ಬಲಗೈ ಬಲಗಾಲು ಬಿದ್ದಿದ್ದರೆ, ಆ ವ್ಯಕ್ತಿ ಬಲಗೈ ಬಳಸುವವರಾಗಿದ್ದರೆ ಅದಕ್ಕೆ ಐ69.351 ಅಂತ ಸ್ಪಷ್ಟ ಕೋಡ್ ಇದೆ. ಅದು ನರಗಳ ಪುನಶ್ಚೇತನದ ಗುಂಪಿಗೆ ಹೋಗುತ್ತದೆ. ನ್ಯುಮೋನಿಯಾ ಆಗಿ ಮಲಗಿದ್ದರೆ ಬೇರೆ ದಾರಿ, ಪಾರ್ಕಿನ್ಸನ್ ಇದ್ದರೆ ಬೇರೆ ದಾರಿ.

ಆದರೆ ನಾವಾಗಿಯೇ ಕಾರಣ ಊಹಿಸಿ ಬರೆಯುವಂತಿಲ್ಲ. ಡಾಕ್ಟರ್ ಬರೆದಿರಬೇಕು. ಇನ್ನೊಂದು ಗಂಟೂ ಇದೆ. ಮನೆ ಆರೈಕೆ ಶುರುವಾಗುವುದಕ್ಕೆ ಮೊದಲಿನ 90 ದಿನದ ಒಳಗೆ ಅಥವಾ ಶುರುವಾದ 30 ದಿನದ ಒಳಗೆ ಡಾಕ್ಟರ್ ರೋಗಿಯನ್ನು ಮುಖತಃ ನೋಡಿರಬೇಕು, ಆ ಭೇಟಿ ಮನೆ ಆರೈಕೆಯ ಮುಖ್ಯ ಕಾರಣಕ್ಕೇ ಸಂಬಂಧಪಟ್ಟಿರಬೇಕು. ನಾವು ಮುಖ್ಯ ಕಾಯಿಲೆ ಪಾರ್ಶ್ವವಾಯು ಅಂತ ಇಟ್ಟು, ಡಾಕ್ಟರ ಟಿಪ್ಪಣಿಯಲ್ಲಿ ಬರೀ ಸಕ್ಕರೆ ಕಾಯಿಲೆಯ ಮಾತಿದ್ದರೆ ಏನೂ ನಿಲ್ಲುವುದಿಲ್ಲ. ಅದಕ್ಕೇ ಓದುವ ಕ್ರಮವನ್ನೇ ತಿರುಗಿಸಿದೆವು. ಮೊದಲು ಡಾಕ್ಟರ ಭೇಟಿಯ ಟಿಪ್ಪಣಿ, ಆಮೇಲೆ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಕೊನೆಗೆ ನರ್ಸಿನ ಒಯಾಸಿಸ್. ಮೊದಲೆಲ್ಲ ಒಯಾಸಿಸ್‌ನಿಂದಲೇ ಶುರು ಮಾಡುತ್ತಿದ್ದರು. ನನ್ನ ಪ್ರಕಾರ ನಾವು ಮಾಡಿದ ಬದಲಾವಣೆಗಳಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಇದೇ.

ಇನ್ನು ರೋಗಿಯ ಓಡಾಟದ ಭಾಗ. ಇದರ ಬಗ್ಗೆ ನನಗೆ ಹೇಳುವುದು ಜಾಸ್ತಿ ಇದೆ, ಯಾಕೆಂದರೆ ವಾರ್ಡಿನಲ್ಲಿ ನಿಂತವಳಿಗೆ ಇದು ಬರೀ ಅಂಕಿ ಅಲ್ಲ. ಒಯಾಸಿಸ್‌ನಲ್ಲಿ ಎಂ1860 ಅನ್ನುವ ಪ್ರಶ್ನೆ ನಡಿಗೆಯದ್ದು. ಒಂದು ಕೈಯಲ್ಲಿ ಕೋಲು ಹಿಡಿದು ತಾವೇ ನಡೆದರೆ 1. ಎರಡು ಕೈಯಲ್ಲಿ ವಾಕರ್ ಹಿಡಿದರೆ, ಅಥವಾ ಮೆಟ್ಟಿಲು ಹತ್ತುವಾಗ ಯಾರಾದರೂ ಜೊತೆಗಿರಬೇಕಾದರೆ 2. ನಡೆಯುವಾಗೆಲ್ಲ ಇನ್ನೊಬ್ಬರು ಇರಲೇಬೇಕು ಅಂದರೆ 3. ಒಂದು ಚಾರ್ಟಿನಲ್ಲಿ ನರ್ಸು 1 ಅಂತ ಗುರುತು ಹಾಕಿರುತ್ತಾರೆ. ಕೆಳಗೆ ಟಿಪ್ಪಣಿಯಲ್ಲಿ, ವಾಕರ್ ಹಿಡಿದು ನಡೆಯುತ್ತಾರೆ, ಬಾತ್‌ರೂಮಿಗೆ ಹೋಗುವಾಗ ಮಗಳು ತೋಳು ಹಿಡಿದಿರುತ್ತಾಳೆ, ಬಿದ್ದದ್ದೂ ಉಂಟು ಅಂತ ಬರೆದಿರುತ್ತದೆ. ಎರಡಕ್ಕೂ ತಾಳೆಯೇ ಇಲ್ಲ. ಆ ಅಜ್ಜಿಯ ನಿಜವಾದ ಸ್ಥಿತಿ ಟಿಪ್ಪಣಿಯಲ್ಲಿದೆ, ಫಾರ್ಮಿನಲ್ಲಿ ಇಲ್ಲ. ಹಳೆಯ ಪದ್ಧತಿಯಲ್ಲಿ ಥೆರಪಿ ವಿಸಿಟ್‌ಗಳ ಹಣ ಬರುತ್ತಿತ್ತಾದ್ದರಿಂದ ಇಂಥದ್ದನ್ನು ಅಷ್ಟು ಗಮನಿಸುತ್ತಿರಲಿಲ್ಲ. ಈಗ ಎಂ1800ರಿಂದ ಎಂ1860ರವರೆಗಿನ ಹೆಚ್ಚಿನ ಸಾಲುಗಳು, ಜೊತೆಗೆ ಮತ್ತೆ ಆಸ್ಪತ್ರೆ ಸೇರುವ ಅಪಾಯ ಕೇಳುವ ಎಂ1033, ಇವೇ ತೊಂದರೆಯ ಮಟ್ಟವನ್ನು ತೀರ್ಮಾನಿಸುತ್ತವೆ.

ನಮ್ಮ ಕಡೆಯಿಂದ ಫಾರ್ಮ್ ತಿದ್ದುವುದಿಲ್ಲ. ಮನೆಗೆ ಹೋಗಿ ನೋಡಿದವರು ಅಲ್ಲಿನ ನರ್ಸು. ನಾವು ಪ್ರಶ್ನೆ ಕಳಿಸುತ್ತೇವೆ. ಆ ಪ್ರಶ್ನೆ ಬರೆಯುವ ರೀತಿಗಾಗಿ ತಂಡದ ಜೊತೆ ತಿಂಗಳುಗಟ್ಟಲೆ ಕೂತಿದ್ದೇನೆ. "3 ಅಂತ ಬದಲಿಸಬಹುದಾ?" ಅಂತ ಕೇಳಲೇಬಾರದು. ಹಾಗೆ ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ಇಟ್ಟ ಹಾಗೆ. ಹಣ ಹೆಚ್ಚಿಸಲು ಸ್ಥಿತಿಯನ್ನು ಕೆಟ್ಟದಾಗಿ ತೋರಿಸುವುದು ಅಲ್ಲಿ ಮೋಸದ ಕೇಸಾಗುತ್ತದೆ, ಆಗಬೇಕು ಕೂಡ. ನಾವು ಬರೆಯುವುದು ಹೀಗೆ: ಈ ಸಾಲಿನಲ್ಲಿ 1 ಇದೆ, ಟಿಪ್ಪಣಿಯಲ್ಲಿ ವಾಕರ್ ಮತ್ತು ಮಗಳ ಸಹಾಯ ಇದೆ, ದಯವಿಟ್ಟು ನೀವು ನೋಡಿದ್ದನ್ನು ಸ್ಪಷ್ಟಪಡಿಸಿ. ಉತ್ತರ 1 ಅಂತಲೇ ಬಂದು ಕಾರಣವನ್ನೂ ಕೊಟ್ಟರೆ ಅದೇ ಸರಿ. ನಮ್ಮ ಪ್ರಶ್ನೆ ನೋಡಿ, ಸ್ಥಿತಿ ಚೆನ್ನಾಗಿದೆ ಅಂತ ನರ್ಸೇ ತಿದ್ದಿ ಹಣ ಇಳಿದದ್ದೂ ಇದೆ. ಹೊಸ ಹುಡುಗರಿಗೆ ಅದೂ ನಮ್ಮದೇ ಕೆಲಸ ಅಂತ ಹೇಳಿಯೇ ಕಲಿಸುತ್ತೇನೆ.

ಲೂಪಾ, ಅಂದರೆ ವಿಸಿಟ್ ಕಡಿಮೆಯಾದಾಗಿನ ಹಣದ ಕಡಿತ, ಅದರ ಬಗ್ಗೆ ಒಂದು ಮಾತು. 30 ದಿನದಲ್ಲಿ ವಿಸಿಟ್ ತೀರಾ ಕಡಿಮೆಯಾದರೆ ಪೂರ್ತಿ ಮೊತ್ತ ಸಿಗುವುದಿಲ್ಲ, ವಿಸಿಟ್ ಲೆಕ್ಕದಲ್ಲಿ ಮಾತ್ರ ಹಣ. ಆ ಮಿತಿ ಗುಂಪಿಗೆ ತಕ್ಕಂತೆ 2ರಿಂದ 6ರವರೆಗೆ. ಗೋಕಾಕದ ಹುಡುಗಿ ಒಮ್ಮೆ ಕೇಳಿದಳು, "ಅಕ್ಕಾರ, ಮಿತಿಗೆ ಒಂದ ವಿಸಿಟ್ ಕಮ್ಮಿ ಐತ್ರಿ. ಏಜೆನ್ಸಿಗೆ ಹೇಳೂಣೇನ್ರಿ, ಇನ್ನೊಂದ್ ಹಾಕಿಸ್ರಿ ಅಂತ?" ನಾನು ಹೇಳಿದ್ದು, "ಡಾಕ್ಟರ್ ಆರ್ಡರಿನ್ಯಾಗ ಎಷ್ಟ್ ಐತಿ ನೋಡವ್ವಾ. ಆರ್ಡರ್ ಇದ್ದೂ ತಪ್ಪಿದ್ದರ ಹೇಳು. ಇಲ್ಲಂದ್ರ ಅದು ನಮ್ಮ ಮಾತಲ್ಲ." ಈ ಗೆರೆಯನ್ನು ಇವತ್ತಿಗೂ ದಾಟಿಲ್ಲ.

ಹಣ ಬರುವ ಸಮಯವೂ ಬದಲಾಯಿತು. ಮೊದಲು ಆರೈಕೆ ಶುರುವಾದ ಕೂಡಲೇ ಒಂದು ಭಾಗ ಮುಂಗಡವಾಗಿ ಸಿಗುತ್ತಿತ್ತು. 2020ರಲ್ಲಿ ಅದು ಶೇಕಡಾ 20ಕ್ಕೆ ಇಳಿಯಿತು, 2021ರಲ್ಲಿ ಸೊನ್ನೆ. 2022ರಿಂದ ಮುಂಗಡದ ಜಾಗದಲ್ಲಿ ದಾಖಲಾತಿಯ ನೋಟಿಸ್ ಬಂತು, ಅಂದರೆ ಈ ರೋಗಿಯನ್ನು ಸೇರಿಸಿಕೊಂಡಿದ್ದೇವೆ ಅಂತ ಏಜೆನ್ಸಿ ಮೆಡಿಕೇರ್‌ಗೆ ತಿಳಿಸುವುದು. ಆರೈಕೆ ಶುರುವಾದ 5 ದಿನದ ಒಳಗೆ ಅದನ್ನು ಕಳಿಸಬೇಕು. ಶನಿವಾರ, ಭಾನುವಾರವೂ ಲೆಕ್ಕಕ್ಕೆ. ತಡವಾದರೆ ಶುರುವಾದ ದಿನದಿಂದ ನೋಟಿಸ್ ಸೇರುವವರೆಗಿನ ಪ್ರತಿ ದಿನಕ್ಕೂ ಆ 30 ದಿನದ ಮೊತ್ತದಲ್ಲಿ ಮೂವತ್ತನೇ ಒಂದು ಭಾಗ ಕಡಿತ. ಸಣ್ಣ ಏಜೆನ್ಸಿಗಳಿಗೆ ಇದು ನೇರ ಪೆಟ್ಟು.

ಇಲ್ಲಿ ಬೆಳಗಾವಿಯ ಗಡಿಯಾರ ನಮ್ಮ ಸಹಾಯಕ್ಕೆ ಬಂತು. ಅಲ್ಲಿ ಶುಕ್ರವಾರ ಸಂಜೆ ಸೇರಿಸಿಕೊಂಡ ರೋಗಿಯ ಕಾಗದ ನಮಗೆ ಶನಿವಾರ ಬೆಳಗ್ಗೆ ಸಿಗುತ್ತದೆ. ಅಲ್ಲಿಯ ಕಚೇರಿ ಮುಚ್ಚಿರುವಾಗ ನಾವು ಓದಿ ಮುಗಿಸಿರುತ್ತೇವೆ. ಅದಕ್ಕೇ ಶನಿವಾರದ ಬೆಳಗಿನ ಪಾಳಿಯನ್ನು ಖಾಯಂ ಮಾಡಿದೆವು. ಪಟ್ಟಿಯಲ್ಲಿ ದಿನಾಂಕವನ್ನು ಅಮೆರಿಕದ ಲೆಕ್ಕದಲ್ಲೇ ಬರೆಯುವುದು ಅಂತ ಗೊತ್ತು ಮಾಡಿದೆವು. ಇಲ್ಲಿನ ದಿನ, ಅಲ್ಲಿನ ದಿನ ಕಲಸಿಹೋದರೆ ಐದು ದಿನ ಅನ್ನುವುದು ನಾಲ್ಕಾಗಿಬಿಡುತ್ತದೆ ಅಲ್ವಾ. ಮಳೆಗಾಲದಲ್ಲಿ ಕರೆಂಟು, ನೆಟ್ ಹೋಗುವ ದಿನಗಳಿಗಾಗಿ ನೋಟಿಸ್ ಬಾಕಿ ಇರುವ ಚಾರ್ಟ್‌ಗಳನ್ನು ದಿನದ ಮೊದಲ ಗಂಟೆಯಲ್ಲೇ ಮುಗಿಸುತ್ತೇವೆ.

ಕೋವಿಡ್ ಬಂದದ್ದು ಪಿಡಿಜಿಎಂ ಶುರುವಾಗಿ ಮೂರು ತಿಂಗಳು ತುಂಬುವ ಮೊದಲೇ. ಎಲ್ಲರೂ ಮನೆಯಿಂದ ಕೆಲಸ. ರೋಗಿಯ ಮಾಹಿತಿ ಕಾಪಾಡುವ ಅಲ್ಲಿನ ಹಿಪಾ ಕಾನೂನು ನಮ್ಮ ಮನೆಯ ಮೇಜಿಗೂ ಅನ್ವಯ. ಹಾಗಾಗಿ ಬಾಗಿಲು ಮುಚ್ಚಿದ ಕೋಣೆ ಇಲ್ಲದವರಿಗೆ ಚಾರ್ಟ್ ಕೊಡಲಿಲ್ಲ, ತರಬೇತಿಯ ಕೆಲಸ ಕೊಟ್ಟೆವು. ಅದೇ ವರ್ಷ ಕೋವಿಡ್ ಪರಿಹಾರಕ್ಕಾಗಿ ಬಂದ ಕೇರ್ಸ್ ಕಾಯ್ದೆಯಿಂದ ನರ್ಸ್ ಪ್ರಾಕ್ಟಿಷನರ್‌ಗಳೂ (ಹೆಚ್ಚಿನ ತರಬೇತಿ ಪಡೆದು ಚಿಕಿತ್ಸೆ ಕೊಡುವ ನರ್ಸುಗಳು) ಮನೆ ಆರೈಕೆಗೆ ಆದೇಶ ಕೊಡಬಹುದು ಅಂತಾಯಿತು. ಸಹಿ ಯಾರದ್ದು ಅಂತ ನೋಡುವ ನಮ್ಮ ಪಟ್ಟಿಯನ್ನು ಅವತ್ತೇ ತಿದ್ದಿದೆವು.

2023ರಲ್ಲಿ ಇನ್ನೊಂದು ತಿರುವು. ಒಯಾಸಿಸ್‌ನ ಹೊಸ ರೂಪ ಬಂತು, ಕಿವಿ ಕೇಳಿಸುವುದು, ಒಂಟಿತನ, ಮನಸ್ಸಿನ ಸ್ಥಿತಿ ಇಂಥ ಪ್ರಶ್ನೆಗಳು ಸೇರಿದವು. ಅದೇ ವರ್ಷದಿಂದ ಗುಣಮಟ್ಟ ನೋಡಿ ಹಣ ಹೆಚ್ಚು ಕಡಿಮೆ ಮಾಡುವ ಯೋಜನೆ ಇಡೀ ದೇಶಕ್ಕೆ ಬಂತು. 2016ರಿಂದ ಒಂಬತ್ತು ರಾಜ್ಯಗಳಲ್ಲಿ ಅದನ್ನು ಪರೀಕ್ಷೆ ಮಾಡಿದ್ದರು. 2023ರ ಫಲಿತಾಂಶದ ಮೇಲೆ 2025ರ ಹಣ ಶೇಕಡಾ 5ರವರೆಗೆ ಏರಬಹುದಿತ್ತು, ಇಳಿಯಬಹುದಿತ್ತು. ಉಸಿರಾಟದ ತೊಂದರೆ ಕಡಿಮೆಯಾಯಿತಾ, ಮಾತ್ರೆಗಳನ್ನು ತಾವೇ ಸರಿಯಾಗಿ ತೆಗೆದುಕೊಳ್ಳುತ್ತಾರಾ, ಮತ್ತೆ ಆಸ್ಪತ್ರೆ ಸೇರಿದರಾ, ರೋಗಿಗೆ ಆರೈಕೆ ಹೇಗನ್ನಿಸಿತು, ಇವೆಲ್ಲ ಲೆಕ್ಕಕ್ಕೆ ಬಂದವು.

ಇದರಿಂದ ಡಿಸ್ಚಾರ್ಜ್ ಸಮಯದ ಒಯಾಸಿಸ್‌ಗೂ ಬೆಲೆ ಬಂತು. ಎಷ್ಟೋ ಕಡೆ ಶುರುವಿನ ಫಾರ್ಮನ್ನು ಮನಸ್ಸಿಟ್ಟು ತುಂಬಿ, ಕೊನೆಯದನ್ನು ಸುಮ್ನೆ ನಕಲು ಮಾಡುತ್ತಿದ್ದರು. ಆರೇಳು ವಾರ ನರ್ಸು ದುಡಿದು, ರೋಗಿ ನಿಜಕ್ಕೂ ಸುಧಾರಿಸಿದ್ದರೂ ಕಾಗದದಲ್ಲಿ ಅದು ಕಾಣುತ್ತಿರಲಿಲ್ಲ. ನಾವು ಎರಡು ಫಾರ್ಮನ್ನೂ ಪಕ್ಕಪಕ್ಕದಲ್ಲಿಟ್ಟು ಓದಲು ಶುರು ಮಾಡಿದೆವು. ಏನೂ ಬದಲಾಗದೆ ಇದ್ದರೆ ಥೆರಪಿಸ್ಟ್ ಟಿಪ್ಪಣಿ ನೋಡಿ ಪ್ರಶ್ನೆ ಕಳಿಸುತ್ತೇವೆ. ಒಬ್ಬರೇ ಎರಡನ್ನೂ ಓದಬೇಕು ಅಂತ ಚಾರ್ಟ್ ಹಂಚುವ ಕ್ರಮ ಬದಲಿಸಿದೆವು. ಶುರುವಿನ ಸ್ಥಿತಿ ನೆನಪಿದ್ದವರ ಕಣ್ಣಿಗೆ ವ್ಯತ್ಯಾಸ ಬೇಗ ಬೀಳುತ್ತದೆ.

2025ರ ಜುಲೈ 1ರಿಂದ ಯಾರೇ ಹಣ ಕೊಡಲಿ, ಖಾಸಗಿ ವಿಮೆಯೇ ಇರಲಿ, ಒಯಾಸಿಸ್ ಕಳಿಸುವುದು ಕಡ್ಡಾಯವಾಯಿತು. ಚಾರ್ಟ್‌ಗಳ ಸಂಖ್ಯೆ ಏರಿತು, ಹೊಸಬರನ್ನು ತೆಗೆದುಕೊಳ್ಳುತ್ತಿದ್ದೇವೆ.

ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟು. ನರ್ಸಿಂಗ್, ಫಿಜಿಯೋಥೆರಪಿ ಓದಿದ್ದರೆ ಒಳ್ಳೆಯದು, ರೋಗಿಯನ್ನು ಕಂಡವರಿಗೆ ಟಿಪ್ಪಣಿ ಬೇಗ ಅರ್ಥವಾಗುತ್ತದೆ. ದೊಡ್ಡ ಫೀ ಕಟ್ಟುವ ಮೊದಲು ಐಸಿಡಿ-10ರ ಅಧಿಕೃತ ಮಾರ್ಗಸೂಚಿ, ಒಯಾಸಿಸ್ ಕೈಪಿಡಿ ಎರಡನ್ನೂ ಓದಿ ನೋಡಿ. ಅಮೆರಿಕ ಸರ್ಕಾರದ ವೆಬ್‌ಸೈಟಿನಲ್ಲಿ ಎರಡೂ ಪುಕ್ಕಟೆ ಸಿಗುತ್ತವೆ. ಕೋಡ್‌ಗಳು ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಬದಲಾಗುತ್ತವೆ, ಹಾಗಾಗಿ ಹಳೆಯ ಪುಸ್ತಕ ಕೊಳ್ಳಬೇಡಿ. ಹೋಮ್ ಹೆಲ್ತ್‌ಗೇ ಅಂತ ಎಚ್‌ಸಿಎಸ್-ಡಿ ಎಂಬ ಬೇರೆ ಪರೀಕ್ಷೆ ಇದೆ. ಸ್ವಲ್ಪ ದಿನ ಚಾರ್ಟ್ ಓದಿ, ಕೈ ಪಳಗಿದ ಮೇಲೆ ಅದಕ್ಕೆ ಕೂರಿ.