ಎಕ್ಕದ ಗಿಡದ ಬುಡದಲ್ಲಿ

ಕ್ಯಾಮೆರಾ ಕೊಂಡ ಮೊದಲ ವರ್ಷ ಸಂಡೂರಿನ ಗುಡ್ಡಗಳಲ್ಲಿ ಚಿಟ್ಟೆಗಳ ಹಿಂದೆ ಓಡಿದ್ದೇ ಓಡಿದ್ದು. ಸಿಕ್ಕಿದ್ದು ಚಿಟ್ಟೆ ಆಗಷ್ಟೇ ಎದ್ದುಹೋದ ಹೂಗಳ ಚಿತ್ರ. ಈಗ ಓಡುವುದಿಲ್ಲ. ನಾರಿಹಳ್ಳದ ಕಡೆ ಒಂದು ಎಕ್ಕದ ಗಿಡ ಗೊತ್ತುಮಾಡಿಕೊಂಡಿದ್ದೇನೆ, ಅದರ ಬುಡದಲ್ಲಿ ಕೂರುತ್ತೇನೆ.

ಪ್ಲೇನ್ ಟೈಗರ್ ಚಿಟ್ಟೆ ಎಕ್ಕದ ಎಲೆಗೆ ಮೊಟ್ಟೆ ಇಡುತ್ತದೆ. ಎಲೆ ತಿಂದ ಹುಳು ಆ ಹಾಲಿನ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುವುದರಿಂದ ಚಿಟ್ಟೆಯಾದ ಮೇಲೂ ಹಕ್ಕಿಗಳಿಗೆ ಅದು ರುಚಿಸುವುದಿಲ್ಲ. ಹೀಗಾಗಿ ಅದಕ್ಕೆ ಯಾವ ಅವಸರವೂ ಇಲ್ಲ. ಊರ ಗೌಡರಂತೆ ನಿಧಾನವಾಗಿ ಹಾರುತ್ತದೆ. ಕಲಿಯುವವರಿಗೆ ಹೇಳಿ ಮಾಡಿಸಿದ ಚಿಟ್ಟೆ. ಶನಿವಾರ ಮಾತ್ರ ಹೋಗಬೇಡಿ, ಆಂಜನೇಯನ ಹಾರಕ್ಕೆಂದು ಎಲೆ, ಹೂವು ಎಲ್ಲ ಖಾಲಿಯಾಗಿರುತ್ತವೆ.

ಮಳೆ ನಿಂತ ಅಕ್ಟೋಬರ್ ತಿಂಗಳಲ್ಲಿ, ಬೆಳಿಗ್ಗೆ ಏಳೂವರೆಗೆಲ್ಲ ಅಲ್ಲಿರುತ್ತೇನೆ. ಮೈ ಬಿಸಿಯಾಗುವವರೆಗೆ ಚಿಟ್ಟೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತದೆ. ಆ ಹೊತ್ತು ಬಿಟ್ಟರೆ ಕೆಟ್ಟಿರಿ. ಮೊಣಕೈ ಊರಿ ತೆವಳುತ್ತೇನೆ, ನನ್ನ ನೆರಳು ಅದರ ಮೇಲೆ ಬೀಳದ ಹಾಗೆ. ಶಟರ್ ತೆರೆದಿರುವುದು ಸೆಕೆಂಡಿನ 1/500ರಷ್ಟು ಹೊತ್ತು, ಬೆಳಕು ಒಳಬರುವ ಕಿಂಡಿ, ಅಂದರೆ ಅಪರ್ಚರ್, ಎಫ್/8. ಇವೆರಡಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುವುದು, ಲೆನ್ಸ್ ರೆಕ್ಕೆಗೆ ನೇರ ಎದುರಿಗಿದೆಯೇ ಎಂಬುದನ್ನು. ಸ್ವಲ್ಪ ಓರೆಯಾದರೂ ರೆಕ್ಕೆಯ ಒಂದು ಅಂಚು ಮಸುಕು. ಅದಿರಿನ ಲಾರಿ ದೂಳೆಬ್ಬಿಸುತ್ತ ಬಂದರೆ ಕ್ಯಾಮೆರಾವನ್ನು ಅಂಗಿಯೊಳಗೆ ಸೇರಿಸಿ ಕಣ್ಣು ಮುಚ್ಚುತ್ತೇನೆ. ಒಮ್ಮೆ ಅಲ್ಲೇ ಲೆನ್ಸ್ ಬದಲಾಯಿಸಲು ಹೋಗಿ, ತಿಂಗಳುಗಟ್ಟಲೆ ಪ್ರತಿ ಚಿತ್ರದ ಆಕಾಶದಲ್ಲೂ ದೂಳಿನ ಚುಕ್ಕೆ ಎಣಿಸಿದ್ದೇನೆ.

ಬೋರಲು ಬಿದ್ದಿದ್ದ ನನ್ನನ್ನು ಕಂಡು ಆಡು ಕಾಯುವ ಹುಡುಗನೊಬ್ಬ, “ಏನು ಕಳೆದುಹೋಯಿತಣ್ಣಾ?” ಎಂದು ತಾನೂ ಹುಡುಕಲು ಕುಳಿತಿದ್ದ. ಚಿಟ್ಟೆ ಹಾರಿಹೋಯಿತು. ಅವನಿಗೇನೆಂದು ಹೇಳಲಿ?

ಕಳೆದ ವರ್ಷ ನನ್ನ ಅಹಂಕಾರ ಇಳಿಯಿತು. ಹತ್ತಾರು ಪ್ಲೇನ್ ಟೈಗರ್ ತೆಗೆದಿದ್ದೇನೆಂದು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದೆ. ಒಂದು ರಾತ್ರಿ ಒಂದು ಚಿತ್ರವನ್ನು ಹಿಗ್ಗಿಸಿ ನೋಡಿದೆ. ಅದೇ ಕಿತ್ತಳೆ ಮೈ, ರೆಕ್ಕೆಯ ತುದಿಯಲ್ಲಿ ಅದೇ ಕಪ್ಪು, ಅದೇ ಬಿಳಿ ಪಟ್ಟೆ. ಆದರೆ ಹಿಂದಿನ ರೆಕ್ಕೆಯ ನಡುವೆ ಇರಬೇಕಾದ ಕಪ್ಪು ಚುಕ್ಕೆಗಳೇ ಇಲ್ಲ! ಮೇಲಂಚಿನಲ್ಲಿ ಒಂದೇ ಒಂದು ಚುಕ್ಕೆ. ಅದು ಡೆನೈಡ್ ಎಗ್‌ಫ್ಲೈ ಎಂಬ ಬೇರೆಯದೇ ಚಿಟ್ಟೆಯ ಹೆಣ್ಣು. ವಿಷವಿಲ್ಲದ ಇದು ವಿಷದ ಚಿಟ್ಟೆಯ ವೇಷ ತೊಟ್ಟು ಹಕ್ಕಿಗಳಿಂದ ಪಾರಾಗುತ್ತದೆ. ಗಂಡಿಗೆ ಈ ವೇಷವಿಲ್ಲ. ಕಪ್ಪು ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆಗಳು. ಹಳೆಯ ಚಿತ್ರಗಳನ್ನೆಲ್ಲ ತೆರೆದು ಚುಕ್ಕೆ ಎಣಿಸಿದೆ. ಇನ್ನೂ ಎರಡು ವೇಷಧಾರಿಗಳು ಸಿಕ್ಕವು.

ಈ ವೇಷಧಾರಿಯ ಹುಳು ತಿನ್ನುವುದು ಗೋಳಿಸೊಪ್ಪು. ಅದಕ್ಕೆ ಗುಡ್ಡ ಹತ್ತಬೇಕಿಲ್ಲ, ನಮ್ಮ ಹಿತ್ತಿಲಿನ ತುಂಬ ಹಬ್ಬಿದೆ. ಮರುದಿನ ಬೆಳಿಗ್ಗೆ ಕ್ಯಾಮೆರಾ ಹಿಡಿದು ಹೋಗುವಷ್ಟರಲ್ಲಿ ಅವ್ವ ಅರ್ಧ ಸೊಪ್ಪು ಕೊಯ್ದು ಬೇಳೆಯ ಪಪ್ಪು ಮಾಡಲು ಹಾಕಿದ್ದಳು. ಉಳಿದರ್ಧವನ್ನು ಕಾಡಿ ಬೇಡಿ ಉಳಿಸಿಕೊಂಡಿದ್ದೇನೆ.